ಗಿರಿಜಕ್ಕನವರ ಹೊಲಿಗೆ ಯಂತ್ರ ಹಾಗೂ ಒಂದು ಇಂಚಿನ ಕುರಿತು

ಕತಾರಿನ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯ ಮಾನ್ಯ ಸಂಪಾದಕರಿಗೂ ಓದುಗರಿಗೂ ನನ್ನ ವಿನಯಪೂರ್ವಕ ವಂದನೆಗಳು.

ಮೊದಲಿಗೆ ಕ್ಷಮೆ ಕೋರಬೇಕಾಗಿದೆ. ಈ ಹಾಳೆಗಳಲ್ಲಿ ಕಾಗುಣಿತದ ತಪ್ಪುಗಳಿವೆ ಎಂಬುದು ನನಗೆ ಗೊತ್ತು, ಆದರೆ ಎಲ್ಲೆಲ್ಲಿವೆ ಎಂಬುದು ಗೊತ್ತಿಲ್ಲ. ಅಕ್ಷರವೂ ದುಂಡಗಿಲ್ಲ. ಟೈಪ್ ಮಾಡಿಕೊಡು ಎಂದು ಮಗಳನ್ನು ಕೇಳಿದಾಗ ಅವಳು, "ಅಪ್ಪಾ, ಒತ್ತಕ್ಷರ ಎಲ್ಲಿರತ್ತೆ ಅಂತ ನಂಗೇ ಗೊತ್ತಿಲ್ಲ" ಎಂದಳು. ಆದಕಾರಣ ಕೈಯಲ್ಲೇ ಬರೆದು ಸಲ್ಲಿಸುತ್ತಿದ್ದೇನೆ. ಪದವಿ ಪರೀಕ್ಷೆ ಮುಗಿಸಿ ಮೈಸೂರು ಬಿಟ್ಟ ಮೇಲೆ ಕನ್ನಡದಲ್ಲಿ ನಾನು ಇಷ್ಟು ಉದ್ದ ಬರೆದದ್ದಿಲ್ಲ. ನನಗೆ ತಿಳಿದಿರುವ ಕನ್ನಡ ಗದ್ಯವೆಂದರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು ಬರೆಯುತ್ತಿದ್ದ ಪತ್ರಗಳ ಗದ್ಯ. ಅದನ್ನೇ ನೋಡಿಕೊಂಡು ಬರೆಯುತ್ತಿದ್ದೇನೆ. ಓದಲು ಬಿಗಿಯೆನಿಸಿದರೆ ಆ ಲೋಪ ನನ್ನದು, ತಂದೆಯವರದಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ಶುಕ್ರವಾರ, ಅಲ್ ವುಕೈರ್‌ನ ನಮ್ಮ ಮನೆಯ ಬೀರುವಿನ ಮೇಲಿಂದ ಒಂದು ಮರದ ಪೀಠವನ್ನು ಕೆಳಗಿಳಿಸಿ, ಧೂಳು ಒರೆಸಿ, ಬಾಲ್ಕನಿಯಲ್ಲಿ ಇಟ್ಟಿದ್ದೆ. ಅದು ಕೈಯಿಂದ ತಿರುಗಿಸುವ ಹಳೆಯ ಹೊಲಿಗೆ ಯಂತ್ರವೊಂದರ ಪೀಠ. ಬರುವ ತಿಂಗಳು ರಜೆಗೆ ಹೋಗುವಾಗ ಊರಿಗೆ ಒಯ್ಯಬೇಕಾದದ್ದು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಅದರ ಮೇಲೆ ಬಿದ್ದು, ಮರದೊಳಗಿಂದ ಕೊಬ್ಬರಿ ಎಣ್ಣೆಯ ಹಳೆಯ ವಾಸನೆ ಎದ್ದು ಬಂತು. ನಾನು ಅಲ್ಲಿಯೇ ಕುರ್ಚಿ ಎಳೆದುಕೊಂಡು ಕುಳಿತೆ. ಹೋದ ವರ್ಷದ ಬೇಸಿಗೆ ಇಡಿಯಾಗಿ ಆ ವಾಸನೆಯಲ್ಲಿತ್ತು.

ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಒಂದು ಕಂಪನಿಯ ಆಡಳಿತ ವಿಭಾಗದಲ್ಲಿ ಇಪ್ಪತ್ತು ವರ್ಷಗಳಿಂದ ಪತ್ರ ಬರೆಯುವುದು ನನ್ನ ಕೆಲಸ. ಕರಡು ನನ್ನದು, ಕೆಳಗಿನ ಸಹಿ ಮ್ಯಾನೇಜರರದು. ಈ ಬಗ್ಗೆ ನನಗೆ ದೂರಿಲ್ಲ. ಆದರೆ ಇದು ನಾನು ಮಾಡಿದ್ದು ಎಂದು ಕೈ ಮುಟ್ಟಿ ತೋರಿಸುವಂಥ ಒಂದು ವಸ್ತುವೂ ನನ್ನ ಬಳಿ ಇರಲಿಲ್ಲವೆಂಬುದನ್ನು ಇಲ್ಲಿ ನಮೂದಿಸುವುದು ಅಗತ್ಯ. ಇಲ್ಲದಿದ್ದರೆ ಮುಂದೆ ನಾನು ಮಾಡಿದ ತಪ್ಪಿಗೆ ಕಾರಣವೇ ತಿಳಿಯದೆ ಹೋಗುತ್ತದೆ.

ಮೇ ತಿಂಗಳ ಕೊನೆಯಲ್ಲಿ, ಊಟದ ವಿರಾಮದಲ್ಲಿ, ನಮ್ಮ ಕಚೇರಿಯ ಹಿಂದಿನ ಬೀದಿಯ ಗುಜರಿ ಅಂಗಡಿಯ ತಣ್ಣನೆಯ ಒಳಕೋಣೆಯಲ್ಲಿ ಹಳೆಯ ಏಸಿಗಳ ನಡುವೆ ಆ ಯಂತ್ರ ಕಂಡಿತು. ಕಪ್ಪು ಮೈ, ಬಳುಕಿದ ಕುತ್ತಿಗೆ, ಅಲ್ಲಲ್ಲಿ ಅಳಿಸಿದ ಚಿನ್ನದ ಬಣ್ಣದ ಬಳ್ಳಿಗಳು, ಬಲಕ್ಕೆ ಚಕ್ರ, ಚಕ್ರಕ್ಕೆ ಮರದ ಹಿಡಿಕೆ. ಪೀಠದ ಮುಂಭಾಗದ ಅಂಚಿಗೆ ಯಾರೋ ಅಳತೆಯ ಟೇಪಿನ ಹಳದಿ ತುಂಡೊಂದನ್ನು ಅಂಟಿಸಿದ್ದರು. ಒಂದರಿಂದ ಒಂಬತ್ತು ಇಂಚಿನವರೆಗೆ. ನಾನು ಹಿಡಿಕೆ ತಿರುಗಿಸಲು ಹೋದೆ; ಕೂದಲೆಳೆಯಷ್ಟೂ ಅಲುಗಲಿಲ್ಲ.

"ಚಲ್ತಾ ನಹೀಂ, ಸಾಬ್. ಖಲಾಸ್" ಎಂದರು ಪೇಶಾವರದ ಕಡೆಯ ಅಂಗಡಿಯವರು. ಕಾಫಿ ಹೋಟೆಲಿನವರು ಇಂಥವನ್ನು ಗೋಡೆಯ ಗೂಡಿನಲ್ಲಿ ಅಲಂಕಾರಕ್ಕೆ ಇಡಲು ಒಯ್ಯುತ್ತಾರಂತೆ. ಕಬ್ಬಿಣದ ತೂಕದ ಬೆಲೆಗೆ ಕೊಟ್ಟರು.

ಮನೆಯಲ್ಲಿ ನನ್ನ ಪತ್ನಿ ಶೈಲಜಾ ಬಾಗಿಲು ತೆರೆದವಳು ಹಾಗೆಯೇ ನಿಂತಳು. "ಏನ್ರೀ ಇದು? ಮೊಸರು ತನ್ನಿ ಅಂದ್ರೆ ಕಬ್ಬಿಣ ತಂದಿದೀರಲ್ಲ!"

"ಹಳೇ ಮಿಷನ್ನು. ರಿಪೇರಿ ಮಾಡ್ತೀನಿ."

"ನೀವಾ?" ಎಂದಳು. ಅಷ್ಟೇ. ಅದು ಸಾಕಾಗಿತ್ತು.

ಎರಡು ವಾರ ತುಕ್ಕು ಬಿಡಿಸುವ ದ್ರವ ಸಿಂಪಡಿಸಿದೆ. ಯಂತ್ರ ಅಲುಗಲಿಲ್ಲ. ಹಜಾರದಲ್ಲಿ ಆ ದ್ರವದ ನಾತ ತಡೆಯಲಾರದೆ ಶೈಲಜಾ ಯಂತ್ರವನ್ನು ಬಾಲ್ಕನಿಗೆ ಗಡೀಪಾರು ಮಾಡಿದಳು. ಜೂನ್ ತಿಂಗಳ ಬಿಸಿಲು ಎಂಥದ್ದೆಂದು ಇಲ್ಲಿನ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಮರುದಿನ ಕಚೇರಿಯಿಂದ ಬಂದವನು ಅಂಗಿಯ ತುದಿಯನ್ನು ಹಿಡಿಕೆಗೆ ಸುತ್ತಿ ಸುಮ್ಮನೆ ತಳ್ಳಿದೆ. ಚಕ್ರ ತಿರುಗಿತು! ಪೂರಾ ಒಂದು ಸುತ್ತು, ಎರಡು ಸುತ್ತು. ಸೂಜಿಯ ಕಂಬಿ ಮೇಲೆದ್ದು ಕೆಳಗಿಳಿಯಿತು. ನಾನು ಕೂಗಿದ ಕೂಗಿಗೆ ಮಗಳು ಬೆಂಕಿ ಬಿತ್ತೆಂದು ಓಡಿಬಂದಳು.

ಗೆದ್ದ ಖುಷಿಯಲ್ಲಿ ಯಂತ್ರವನ್ನು ಒಳಗೆ ತಂದು ಟಿ.ವಿ. ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ಮತ್ತೆ ಕಲ್ಲು. ಹೊರಗಿಟ್ಟೆ, ಸಂಜೆ ಓಡಿತು. ಒಳಗೆ ತಂದೆ, ಬೆಳಿಗ್ಗೆ ನಿಂತಿತು. ನಾಲ್ಕು ದಿನ ಇದೇ ಆಯಿತು. ನಾನು ದಿನಾಂಕ ಹಾಕಿ ಒಂದು ಪುಸ್ತಕದಲ್ಲಿ ಬರೆದಿಟ್ಟೆ.

"ನಿಮ್ಮ ಥರಾನೇ ಅದೂನೂ. ಹೊರಗಡೆ ಓಡತ್ತೆ, ಮನೇಲಿ ಕೆಲಸ ಅಂದ್ರೆ ನಿಂತುಬಿಡತ್ತೆ" ಎಂದು ಶೈಲಜಾ ತೀರ್ಪು ಕೊಟ್ಟಳು.

ಬಿನ್ ಒಮ್ರಾನ್‌ನಲ್ಲಿ ಬಟ್ಟೆ ಉದ್ದಗಿಡ್ಡ ಮಾಡಿಕೊಡುವ ಸಣ್ಣ ಅಂಗಡಿಯಿಟ್ಟಿರುವ ವಾಮನಣ್ಣನವರು ಹೆಚ್ಚಿನ ಓದುಗರಿಗೆ ಪರಿಚಿತರು. ಗೊತ್ತಿಲ್ಲದವರಿಗಾಗಿ: ಅರವತ್ತು ದಾಟಿದವರು, ಮೂಡುಬಿದಿರೆ ಕಡೆಯವರು, ಮನೆಮಾತು ತುಳು, ಕೊರಳಲ್ಲಿ ಸದಾ ಅಳತೆಯ ಟೇಪು. ನನ್ನ ಪುಸ್ತಕವನ್ನು ಅವರ ಮುಂದಿಟ್ಟೆ. ಓದಿ ಗಡ್ಡ ಕೆರೆದುಕೊಂಡರು. ಮುಂದಿನ ಶುಕ್ರವಾರ ಊಟ ಮುಗಿಸಿ ಮನೆಗೇ ಬಂದರು. ಬಿಸಿಲಿಗೆ ಕಾದಿದ್ದ ಯಂತ್ರದ ಮೇಲ್ಭಾಗದ ಒಂದು ಎಣ್ಣೆಯ ತೂತಿಗೆ ಮೂಗು ಹಿಡಿದವರು ಪಕಪಕನೆ ನಗತೊಡಗಿದರು.

"ನೀವೇ ಮೂಸಿ ನೋಡಿ ಮಾರಾಯ್ರೆ."

ಮೂಸಿದೆ. ಸೋಮವಾರ ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ಮುಂದಿನ ಸಾಲಿನ ಹುಡುಗನ ತಲೆಯಿಂದ ಬರುತ್ತಿದ್ದ ವಾಸನೆ. "ತಲೆಗೆ ಹಚ್ಚೋ ಎಣ್ಣೆ!" ಎಂದೆ.

"ತಲೆಗೆ ಮಾತ್ರ ಅಲ್ಲ. ನಮ್ಮಲ್ಲಿ ತಲೆಗೂ ಅದೇ, ಒಗ್ಗರಣೆಗೂ ಅದೇ, ಮಿಷನಿಗೂ ಅದೇ. ತೆಂಗಿನೆಣ್ಣೆ! ಊರಿನ ಸೆಕೆಗೆ ಅದು ನೀರಿನ ಹಾಗೆ ಇರ್ತದೆ, ಮಿಷನ್ ಓಡ್ತದೆ. ಇಲ್ಲಿ ಇಡೀ ದಿನ ಏಸಿ ಅಲ್ವಾ? ತುಪ್ಪದ ಹಾಗೆ ಗಟ್ಟಿ ಆಗ್ತದೆ. ಇವರು ಮಿಷನ್ ಗಟ್ಟಿ ಆಯ್ತು ಅಂತ ಇನ್ನೂ ನಾಲ್ಕು ಹನಿ ಹಾಕುದು. ಹಾಕಿ ಹಾಕಿ ಒಳಗೆ ಅಂಟಿನ ಹಾಗೆ ಹಿಡಿದು ಕೂತದ್ದು. ಇದಕ್ಕೆ ಎಂತ ರೋಗವೂ ಇಲ್ಲ." ನಗು ನಿಲ್ಲಿಸಿ ಅವರು ಮತ್ತೊಂದು ಮಾತು ಸೇರಿಸಿದರು. "ಇದು ನಮ್ಮ ಕಡೆಯವರದ್ದೇ ಮಿಷನ್. ಯಾರದ್ದು ಅಂತ ಗೊತ್ತಿಲ್ಲ. ಆದ್ರೆ ನಮ್ಮವರದ್ದೇ."

ಆ ಮಾತಿಗೆ ನಾನು ಆಗ ಮಹತ್ವ ಕೊಡಲಿಲ್ಲ.

ಜುಲೈ ತಿಂಗಳ ಶುಕ್ರವಾರಗಳೆಲ್ಲ ಯಂತ್ರಕ್ಕೆ ಸಂದವು. ವಾಮನಣ್ಣ ಕುರ್ಚಿಯಲ್ಲಿ ಕುಳಿತು ಹೇಳುವರು; ಕೈ ಮಾತ್ರ ನನ್ನದೇ ಆಗಬೇಕೆಂಬುದು ಅವರ ಷರತ್ತು. ಶೈಲಜಾಳ ಹೇರ್ ಡ್ರೈಯರ್‌ನಿಂದ ಒಂದೊಂದು ಕೀಲಿಗೂ ಬಿಸಿ ಗಾಳಿ ಹಿಡಿಯುವುದು, ಕರಗಿದ ಕಂದು ಅಂಟನ್ನು ಹಳೆಯ ಬನಿಯನ್ ಚೂರಿನಿಂದ ಒರೆಸುವುದು, ಸಂದುಗಳಿಗೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸೀಮೆಎಣ್ಣೆ ತಾಗಿಸುವುದು. "ಚಿನ್ನದ ಬಳ್ಳಿಗೆ ಸೀಮೆಎಣ್ಣೆ ತಾಗಿದ್ರೆ ನೋಡಿ, ಬಳ್ಳಿ ನಿಮ್ಮ ಕೈಗೆ ಬರ್ತದೆ" ಎಂದು ಗದರುವರು. ಬಿಚ್ಚಿದ ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಇಡುವುದು ನನ್ನ ಉಪಾಯ. ಅದಕ್ಕೆ ಅವರ ಮೆಚ್ಚುಗೆ ದೊರೆಯಿತು, ಪತ್ನಿಯದಲ್ಲ. ಕೊನೆಗೆ ಹನ್ನೊಂದು ತೂತುಗಳಿಗೂ ನಿಜವಾದ ಮಿಷನ್ ಎಣ್ಣೆ, ತೂತಿಗೆ ಒಂದೇ ಹನಿ.

ನನ್ನ ಹಳೆಯ ಕಚೇರಿ ಅಂಗಿಯೊಂದನ್ನು ಕತ್ತರಿಸಿ ಮೊದಲ ಹೊಲಿಗೆ ಹಾಕಿದ ದಿನ ಹೊರಗೆ ತೇವದ ಗಾಳಿ ಬೀಸಿ ಕಿಟಕಿಯ ಗಾಜು ಬೆವತಿತ್ತು. ಒಳಗೆ ಏಸಿ ಹಾಕಿದ್ದರೂ ಯಂತ್ರ ಓಡಿತು. ಹೊಲಿಗೆ ನೇರವಿರಲಿಲ್ಲ, ಆದರೆ ಬಿಟ್ಟುಹೋಗಲಿಲ್ಲ. ನಾನು ಆ ಚೂರನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೆ. ಕಚೇರಿಯಲ್ಲಿ ಮ್ಯಾನೇಜರರಿಗೂ ತೋರಿಸಿದೆನೆಂದು ಹೇಳಲು ಸಂಕೋಚವಾಗುತ್ತದೆ.

ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಪೂಜೆಯ ಕುಂಕುಮಕ್ಕೆ ಹೋಗಿಬಂದ ಶೈಲಜಾ, ಸೀರೆಯನ್ನೂ ಬದಲಿಸದೆ ನನ್ನೆದುರು ಕುಳಿತಳು.

"ಬಿನ್ ಒಮ್ರಾನ್ ಗಿರಿಜಕ್ಕ ಗೊತ್ತಲ್ಲ, ನಮಗೆಲ್ಲ ರವಿಕೆ ಹೊಲಿದುಕೊಡ್ತಿದ್ರು? ಅವರು ಸೆಪ್ಟೆಂಬರ್‌ನಲ್ಲಿ ಊರಿಗೆ ಹೋಗ್ತಿದಾರೆ, ಪೂರ್ತಿಯಾಗಿ. ಅವರ ಯಜಮಾನ್ರು ರಾಘವಣ್ಣನ ಕೆಲಸ ಮುಗೀತಂತೆ. ಪಾಪ, ಅಲ್ಲಿ ಅತ್ತುಬಿಟ್ರು."

"ಊರಿಗೆ ಹೋಗೋದಕ್ಕಾ?"

"ಅಲ್ಲ ಕಣ್ರೀ, ಮಿಷನ್‌ಗೆ. ಅವರಮ್ಮಂದಂತೆ. ಇಪ್ಪತ್ತೆರಡು ವರ್ಷದ ಹಿಂದೆ ವಿಮಾನದಲ್ಲಿ ತೊಡೆ ಮೇಲಿಟ್ಕೊಂಡು ತಂದಿದ್ರಂತೆ. ಎರಡು ವರ್ಷದಿಂದ ಹಿಡಕೊಂಡು ನಿಂತಿತ್ತಂತೆ. ಮನೆ ಬದಲಾಯಿಸುವಾಗ ರಾಘವಣ್ಣ, ಕೆಟ್ಟಿದ್ದು ಯಾಕೆ ಅಂತ ಇವರನ್ನ ಕೇಳದೆ ಗುಜರಿಯೋನಿಗೆ ಕೊಟ್ಟುಬಿಟ್ರಂತೆ. ಊರಲ್ಲಿ ಅಮ್ಮ ಪ್ರತಿ ವಾರ ಫೋನಲ್ಲಿ ಕೇಳ್ತಾರಂತೆ, ಮಿಷನ್ ಓಡ್ತದಾ ಅಂತ. ಇವರು ಓಡ್ತದೆ ಅಂತ ಸುಳ್ಳು ಹೇಳ್ಕೊಂಡೇ ಬಂದಿದಾರೆ. ಈಗ ಬರಿಗೈಲಿ ಹೋಗಿ ಅಮ್ಮನ ಮುಖ ಹೇಗೆ ನೋಡ್ಲಿ ಅಂತಾರೆ." ಅವಳು ಬಾಲ್ಕನಿಯ ಕಡೆ ನೋಡಿದಳು. "ಮುಂದೆ ಟೇಪ್ ಅಂಟಿಸಿದೆಯಂತೆ, ಒಂಬತ್ತು ಇಂಚು ತನಕ. ನಿಮ್ದರಲ್ಲಿ ಹಾಗೇನಾದ್ರೂ ಇದೆಯಾ?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಯಥಾವತ್ತಾಗಿ ದಾಖಲಿಸುತ್ತೇನೆ. "ಪರಿಶೀಲಿಸಿ ತಿಳಿಸುತ್ತೇನೆ" ಎಂದೆ. ಇಪ್ಪತ್ತು ವರ್ಷಗಳಲ್ಲಿ ನೂರಾರು ಪತ್ರಗಳಲ್ಲಿ ನಾನು ಈ ವಾಕ್ಯವನ್ನು ಬರೆದಿದ್ದೇನೆ. ಪರಿಶೀಲಿಸಲು ಏನೂ ಇಲ್ಲದಾಗಲೇ ಅದನ್ನು ಹೆಚ್ಚಾಗಿ ಬರೆಯುವುದು.

ಮರುದಿನ ಬೆಳಿಗ್ಗೆ ಶೈಲಜಾ ತರಕಾರಿಗೆ ಹೋದಾಗ ನಾನು ಬ್ಲೇಡು ತೆಗೆದುಕೊಂಡು ಬಾಲ್ಕನಿಗೆ ಹೋದೆ. ಟೇಪು ಇಲ್ಲದಿದ್ದರೆ ಅದು ಯಾರ ಯಂತ್ರವೂ ಅಲ್ಲ, ನನ್ನದೇ. ಎಡತುದಿಯಿಂದ ಬ್ಲೇಡು ತೂರಿಸಿ, 'ಒಂದು' ಎಂಬ ಅಂಕಿ ಇದ್ದ ಮೊದಲ ಇಂಚನ್ನು ಕತ್ತರಿಸಿ ಎಬ್ಬಿಸಿದೆ. ಅದರ ಕೆಳಗೆ ಮರ ಹೊಸದಾಗಿ, ಬೆಳ್ಳಗೆ, ಅಂಗೈ ಒಳಮೈಯಂತೆ ಕಂಡಿತು. ಉಳಿದ ಎಂಟು ಇಂಚನ್ನೂ ತೆಗೆದರೆ ಅಷ್ಟುದ್ದದ ಬಿಳಿ ಗುರುತು ಉಳಿಯುತ್ತದೆಂದು ತಿಳಿಯಿತು. ಬ್ಲೇಡನ್ನು ಕೆಳಗಿಟ್ಟೆ. ಆ ಒಂದು ಇಂಚನ್ನು ಕತಾರ್ ಗುರುತಿನ ಚೀಟಿಯ ಹಿಂದೆ ಸಿಕ್ಕಿಸಿಕೊಂಡೆ.

ಅಷ್ಟಕ್ಕೇ ನನಗೆ ಬುದ್ಧಿ ಬಂತೆಂದು ಬರೆಯಬಹುದಿತ್ತು. ಬರಲಿಲ್ಲ. ಇನ್ನೂ ಹದಿನೈದು ದಿನ ಯಂತ್ರದ ಮೇಲೆ ಹಳೆಯ ಹೊದಿಕೆ ಹೊದಿಸಿ ಸುಮ್ಮನಿದ್ದೆ. ಶೈಲಜಾ ಎರಡು ಸಲ ಕೇಳಿದಳು, ಎರಡು ಸಲವೂ ಮಾತು ಮರೆಸಿದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಅದು ಹೆಚ್ಚು ಕಷ್ಟವಾಯಿತು.

ಸೆಪ್ಟೆಂಬರ್ ಮೊದಲ ಶುಕ್ರವಾರ ವಾಮನಣ್ಣ ಎಂದಿನಂತೆ ಕಾಫಿಗೆ ಬಂದರು. ಹೊದಿಕೆ ಸರಿಸಿ, ಟೇಪಿನ ಮೇಲೆ ಬೆರಳೋಡಿಸಿದರು. "ಒಂದು ಎಲ್ಲಿ ಹೋಯ್ತು?"

"ಬಿದ್ದುಹೋಯ್ತು, ವಾಮನಣ್ಣ."

"ಹೌದಾ? ಇಷ್ಟು ನೀಟಾಗಿ?" ಕತ್ತರಿಸಿದ ಅಂಚನ್ನು ಉಗುರಿನಿಂದ ಮುಟ್ಟಿದರು. ನಲವತ್ತು ವರ್ಷ ಕತ್ತರಿ ಹಿಡಿದವರಿಗೆ ಬ್ಲೇಡಿನ ಗುರುತು ತಿಳಿಯದೇ? ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕಾಫಿ ಕುಡಿದು ಮುಗಿಸಿದರು.

"ನಾನು ಒಂದು ಸಲ ಒಂದು ಕೋಟು ಹೊಲಿದಿದ್ದೆ. ಅಷ್ಟು ಚೆಂದ ನಾನು ಮತ್ತೆ ಹೊಲಿದದ್ದಿಲ್ಲ. ಕೊಡ್ಲಿಕ್ಕೆ ಮನಸ್ಸೇ ಬರ್ಲಿಲ್ಲ. ಇವತ್ತು ಬಾ, ನಾಳೆ ಬಾ ಅಂತ ಆ ಮನುಷ್ಯನನ್ನು ಒಂದು ವಾರ ಓಡಿಸಿದೆ. ಕಡೆಗೆ ಅವನು ಬಂದು ಹಾಕಿ ನಿಂತ. ಆಗ ನೋಡಿದೆ, ಕೋಟಿನ ಎಡಗೈ ಅರ್ಧ ಇಂಚು ಗಿಡ್ಡ ಆಗಿತ್ತು! ನನ್ನ ಗೋಡೆಯಲ್ಲಿ ನೇತಾಡುವಾಗ ಗೊತ್ತೇ ಆಗಿರ್ಲಿಲ್ಲ." ಎದ್ದು ಚಪ್ಪಲಿ ಹಾಕಿಕೊಂಡರು. "ಅವರು ಕೂತು ಹೊಲಿದು ನೋಡ್ಬೇಕಲ್ವಾ, ನಿಮ್ಮ ಕೆಲಸ ಸರಿ ಉಂಟಾ ಇಲ್ವಾ ಅಂತ? ಯಲ್ಲಾ, ನಾನು ಬರ್ತೇನೆ" ಎಂದು ಅರಬ್ಬಿ ಬೆರೆಸಿ ಹೊರಟರು.

ಟೇಪು ಇದೆಯೆಂದಷ್ಟೇ ಶೈಲಜಾಳಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನಾನೂ ಅವಳೂ ಯಂತ್ರವನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು, ಸೀಟ್ ಬೆಲ್ಟ್ ಹಾಕಿ, ಬಿನ್ ಒಮ್ರಾನ್‌ಗೆ ಕೊಂಡೊಯ್ದೆವು. ಬಾಗಿಲು ತೆರೆದವರು ರಾಘವಣ್ಣ. ನನ್ನ ಕೈಯಲ್ಲಿದ್ದುದನ್ನು ಕಂಡವರೇ ಒಳಗೆ ತಿರುಗಿ, "ಗಿರಿಜಾ, ಒಮ್ಮೆ ಬಾ" ಎಂದರು.

ಹಜಾರದ ತುಂಬ ತೆರೆದ ಸೂಟ್‌ಕೇಸುಗಳು, ತೂಕ ನೋಡುವ ಕೊಕ್ಕೆಯ ತಕ್ಕಡಿ. ಗಿರಿಜಕ್ಕ ಒದ್ದೆ ಕೈ ಒರೆಸುತ್ತ ಬಂದರು. ಯಂತ್ರದ ಮುಂದೆ ನೆಲದ ಮೇಲೆಯೇ ಕುಳಿತರು. ಬಳ್ಳಿಯನ್ನು ನೋಡಲಿಲ್ಲ, ಚಕ್ರವನ್ನು ನೋಡಲಿಲ್ಲ. ಹೆಬ್ಬೆರಳನ್ನು ನೇರ ಟೇಪಿನ ಎಡತುದಿಗೆ ಒಯ್ದರು. ಬೆರಳು ಅಲ್ಲಿಯೇ ನಿಂತಿತು.

"ಒಂದು ಎಲ್ಲಿ?"

ಮಾತು ಬರೆದುಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. "ನಾನೇ ಕಿತ್ತೆ ಗಿರಿಜಕ್ಕ. ನಿಮ್ದು ಅಂತ ಗೊತ್ತಾದ ಮೇಲೆ ಕಿತ್ತೆ. ಕೊಡಬಾರದು ಅಂತ." ಗುರುತಿನ ಚೀಟಿಯ ಹಿಂದಿನಿಂದ ಆ ಹಳದಿ ಚೂರನ್ನು ತೆಗೆದು ಹಿಡಿದೆ. ಪಕ್ಕದಲ್ಲಿದ್ದ ಶೈಲಜಾಳಿಗೂ ಇದು ಹೊಸ ಸುದ್ದಿ. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ರಾಘವಣ್ಣ ಕೆಮ್ಮಿದರು. "ಇವರು ಒಂದು ಇಂಚು ತೆಗೆದದ್ದು. ನಾನು ಇಡೀ ಮಿಷನನ್ನೇ ತೆಗೆದು ಕೊಟ್ಟವ. ಬೈಯುದಾದ್ರೆ ಅಳತೆ ಪ್ರಕಾರ ಬೈ."

ಗಿರಿಜಕ್ಕನಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣೊರೆಸಿಕೊಂಡರು. ಸೂಟ್‌ಕೇಸಿನಿಂದ ಒಂದು ಹಳೆಯ ತಲೆದಿಂಬಿನ ಚೀಲವನ್ನೆಳೆದು, ಸೂಜಿಯಡಿ ಇಟ್ಟು, ಹಿಡಿಕೆ ತಿರುಗಿಸಿದರು. ಏಸಿ ಹದಿನೆಂಟರಲ್ಲಿತ್ತು. ಯಂತ್ರ ತಡೆಯಿಲ್ಲದೆ ಓಡಿತು. ಅವರ ಹೊಲಿಗೆ ಗೆರೆ ಎಳೆದಂತೆ ನೇರವಾಗಿತ್ತು. ನನ್ನ ಪರ್ಸಿನಲ್ಲಿದ್ದ ಚೂರು ನೆನಪಾಯಿತು. ಆ ಯಂತ್ರ ಏನು ಮಾಡಬಲ್ಲದೆಂಬುದು ನನಗೆ ಆ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ.

ತೆಂಗಿನೆಣ್ಣೆಯ ಸಂಗತಿ ಹೇಳಿದಾಗ ಗಿರಿಜಕ್ಕ ಬಾಯಿಗೆ ಕೈ ಇಟ್ಟುಕೊಂಡರು. "ಅಯ್ಯೋ ದೇವರೇ! ಅಮ್ಮ ಅದನ್ನೇ ಹಾಕ್ತಿದ್ದದ್ದು. ನಾನೇ ಕೊಂದದ್ದಾ ಹಾಗಾದ್ರೆ?" ಕೂಡಲೇ ಊರಿಗೆ ಫೋನ್ ಹಚ್ಚಿ, ಫೋನನ್ನು ಯಂತ್ರದ ಬದಿಗಿಟ್ಟು ಹಿಡಿಕೆ ತಿರುಗಿಸಿದರು. ತಾಯಿ ಮಗಳು ತುಳುವಿನಲ್ಲಿ ಮಾತಾಡಿದರು; ರಾಘವಣ್ಣ ಮೆಲ್ಲಗೆ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು.

"ಶಬ್ದ ಎಂತ ಇಷ್ಟು ಕಡಿಮೆ ಆಯ್ತು ಅಂತ ಕೇಳ್ತಾರೆ ಅತ್ತೆ... ಎಣ್ಣೆ ಹಾಕಿದ್ಯಾ ಅಂತ... ಯಾವ ಎಣ್ಣೆ, ತೆಂಗಿನೆಣ್ಣೆಯಾ ಅಂತ."

ಗಿರಿಜಕ್ಕ ನನ್ನ ಮುಖ ನೋಡಿದರು. ಅನಂತರ ಫೋನಿನ ಕಡೆ ಬಾಗಿ ಒಂದೇ ಮಾತು ಹೇಳಿದರು.

"ಹೌದು ಅಂದಳು" ಎಂದರು ರಾಘವಣ್ಣ.

ಇನ್ನುಳಿದದ್ದು ವಿಮಾನದವರ ಮೂವತ್ತು ಕಿಲೋ ಮಿತಿಯ ಪ್ರಶ್ನೆ. ಕೊಕ್ಕೆಯ ತಕ್ಕಡಿಗೆ ಸೂಟ್‌ಕೇಸು ನೇತುಹಾಕುವುದು, ಇಳಿಸುವುದು, ಮತ್ತೆ ನೇತುಹಾಕುವುದು ನಡೆಯಿತು. ಹಾಲಿನ ಪುಡಿಯ ಡಬ್ಬಿಗಳು ಹೊರಬಂದವು. ಬಾದಾಮಿ ಹೊರಬಂತು. ಆರು ಗಾಜಿನ ಬಟ್ಟಲು ಶೈಲಜಾಳ ಮಡಿಲು ಸೇರಿದವು. ರಾಘವಣ್ಣನವರ ಮೂರು ಪ್ಯಾಂಟು ಹೊರಬಂದಾಗ ಅವರು, "ಕತಾರಿಂದ ಎಲ್ಲರೂ ಚಿನ್ನ ತಗೊಂಡು ಹೋಗ್ತಾರೆ, ಇವಳು ಕಬ್ಬಿಣ" ಎಂದರಾದರೂ ಪ್ಯಾಂಟುಗಳನ್ನು ತಾವೇ ತೆಗೆದಿಟ್ಟರು. ಎಷ್ಟು ಮಾಡಿದರೂ ಕಬ್ಬಿಣದ ಭಾಗ ಮಾತ್ರ ಹಿಡಿಯಿತು, ಮರದ ಪೀಠ ಉಳಿಯಿತು. ಅದನ್ನು ರಜೆಯಲ್ಲಿ ನಾನೇ ಅವರ ಊರು ಕಿನ್ನಿಗೋಳಿಗೆ ತಲುಪಿಸುತ್ತೇನೆಂದು ಮಾತು ಕೊಟ್ಟೆ. ಹಳದಿ ಚೂರನ್ನು ಅವರ ಕೈಗೆ ಕೊಡಹೋದೆ.

"ನನಗೆ ಎಂತಕ್ಕೆ? ಕಿತ್ತವರು ನೀವು. ಅಂಟಿಸಿ ತನ್ನಿ" ಎಂದರು ಗಿರಿಜಕ್ಕ.

ಮನೆಗೆ ಮರಳುವ ದಾರಿಯಲ್ಲಿ ಶೈಲಜಾ ಗಾಜಿನ ಬಟ್ಟಲುಗಳನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. ವುಕೈರ್ ತಿರುವಿನಲ್ಲಿ, "ಪರಿಶೀಲನೆ ಮುಗೀತಾ?" ಎಂದಳು. "ಮುಗೀತು" ಎಂದೆ. ನನ್ನ ಮೊಣಕೈಯನ್ನು ಜೋರಾಗಿ ಚಿವುಟಿದಳು.

ಆಮೇಲೆ ಗುಜರಿ ಅಂಗಡಿಯಿಂದ ಇನ್ನೂ ಮೂರು ಯಂತ್ರಗಳು ನಮ್ಮ ಬಾಲ್ಕನಿಗೆ ಬಂದಿವೆ. ಪ್ರತಿಯೊಂದನ್ನೂ ಮೊದಲು ಮೂಸುತ್ತೇನೆ. ಆಮೇಲೆ ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಚಿತ್ರ ಹಾಕಿ, ಯಾರದಾದರೂ ಹೌದೇ ಎಂದು ಕೇಳಿ, ಅನಂತರವಷ್ಟೇ ತಿರುಪಿಗೆ ಕೈ ಹಚ್ಚುತ್ತೇನೆ.

ಊರಿನಲ್ಲಿ ಗಿರಿಜಕ್ಕನ ಯಂತ್ರ ಸದ್ಯಕ್ಕೆ ಹಲಸಿನ ಹಲಗೆಯೊಂದರ ಮೇಲೆ ಓಡುತ್ತಿದೆ. ಕಳೆದ ಶುಕ್ರವಾರ ಸಂಜೆ, ಬಾಲ್ಕನಿಯಲ್ಲಿ ಕುಳಿತೇ, ಆ ಒಂದು ಇಂಚನ್ನು ಅದರ ಬಿಳಿ ಜಾಗದಲ್ಲಿ ಅಂಟಿಸಿದೆ. ಚೂರು ವಾರೆಯಾಯಿತು. ಒಂದಕ್ಕೂ ಎರಡಕ್ಕೂ ನಡುವೆ ನೂಲಿನಷ್ಟು ಸಂದು ಉಳಿಯಿತು. ಗಿರಿಜಕ್ಕನಿಗೆ ಚಿತ್ರ ಕಳುಹಿಸಿ, ಕಿತ್ತು ಸರಿಯಾಗಿ ಅಂಟಿಸಲೇ ಎಂದು ಕೇಳಿದೆ.

"ಇನ್ನು ಬ್ಲೇಡು ಮುಟ್ಟಬೇಡಿ ಮಾರಾಯ್ರೆ" ಎಂದರು ಗಿರಿಜಕ್ಕ. "ವಾರೆ ಇದ್ರೆ ಇರ್ಲಿ. ನಾನು ಎರಡರಿಂದ ಅಳೀತೇನೆ."

ವಾರೆ ಇದ್ದರೆ ಇರಲಿ ಎಂಬ ವಿನಂತಿಯನ್ನು ನಾನು ಓದುಗರಲ್ಲಿ ಮಾಡುವಂತಿಲ್ಲ. ಈ ಬರಹದಲ್ಲಿ ಕಂಡ ತಪ್ಪುಗಳನ್ನು ದಯಮಾಡಿ ಕೆಂಪು ಶಾಯಿಯಲ್ಲಿ ಗುರುತಿಸಿ, ಸಂಕೋಚವಿಲ್ಲದೆ ತಿದ್ದಿ ನನಗೂ ತಿಳಿಸಬೇಕು. ಎಲ್ಲವನ್ನೂ ತಿದ್ದಿ. ಆ ಒಂದು ಇಂಚಿನ ಹೊರತು.

ತಮ್ಮ ವಿಧೇಯ.